ಸವೆದ ಎಲುಬಿನಲ್ಲಿ ಹಲ್ಲು ನೆಲೆಗೊಳ್ಳಬಲ್ಲದೆ?

ಕಳೆದ ತಿಂಗಳು ಹುಬ್ಬಳ್ಳಿಯ ಕಮರಿಪೇಟೆಯಿಂದ ದರ್ಶನಕ್ಕೆ ಬಂದಿದ್ದ ತಾಯಿಯೊಬ್ಬರು ನಮ್ಮ ಮುಂದೆ ಒಂದು ಸಂದೇಹವನ್ನಿಟ್ಟರು. ಅವರಿಗೆ 68 ವರ್ಷ. ಕೆಳಗಿನ ಎರಡು ದವಡೆಹಲ್ಲುಗಳು ಹೋಗಿ ವರ್ಷ ಕಳೆದಿದೆ. ಇಂಪ್ಲಾಂಟ್ ಹಾಕಿಸೋಣವೆಂದು ಮಗ ಹಟ ಹಿಡಿದಿದ್ದಾನೆ. ಆದರೆ ಹಿಂದೊಮ್ಮೆ ಜಾರಿಬಿದ್ದು ಮುಂಗೈ ಮುರಿದಾಗ, ಎಲುಬು ಸವೆದಿದೆ, ಇದು ಆಸ್ಟಿಯೊಪೊರೋಸಿಸ್ ಎಂದು ವೈದ್ಯರು ತಿಳಿಸಿದ್ದರು. “ಎಲುಬ ಟೊಳ್ಳ ಆಗ್ಯಾವಂತರಿ. ಅದರಾಗ ಮೊಳಿ ಕೂಡಿಸಿದರ ನಿಂದರತೈತೇನ್ರಿ?” ಎಂದು ಅವರು ಕೇಳಿದರು. ಖಡಕ್ ರೊಟ್ಟಿಯನ್ನು ಮತ್ತೆ ಕಡಿದು ತಿನ್ನಬೇಕೆಂಬ ಆಸೆಯೂ ಆ ಮಾತಿನಲ್ಲಿತ್ತು.

ಬಹುಮಟ್ಟಿಗೆ ನಿಲ್ಲುತ್ತದೆ ಎಂಬುದೇ ಉತ್ತರ. ಆದರೆ ಮಾತು ಮುಂದುವರಿದಾಗ ಹೊರಬಿದ್ದ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯವೆನಿಸಿತು. ಅವರು ವರ್ಷಕ್ಕೊಮ್ಮೆ ಎಲುಬಿನ ಇಂಜೆಕ್ಷನ್ ಪಡೆಯುತ್ತಿದ್ದಾರೆ. ಹಲ್ಲಿನ ವೈದ್ಯರಿಗೆ ಅದನ್ನು ಹೇಳಿಯೇ ಇಲ್ಲ. ಕೈಗೆ ಚುಚ್ಚಿದ ಸೂಜಿಗೂ ಬಾಯಿಯ ಹಲ್ಲಿಗೂ ಏನು ಸಂಬಂಧವೆಂದು ಅವರು ಭಾವಿಸಿದ್ದು ಸಹಜವೇ.

ಎಲುಬು ಸತ್ತ ಕಟ್ಟಿಗೆಯಲ್ಲ. ಹಳೆಯದನ್ನು ಕರಗಿಸುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅದರೊಳಗೆ ಜೀವನಪರ್ಯಂತ ದುಡಿಯುತ್ತಿರುತ್ತವೆ. ಮುಟ್ಟು ನಿಂತ ಮೇಲೆ ಸ್ತ್ರೀಯರಲ್ಲಿ ಈಸ್ಟ್ರೋಜೆನ್ ಇಳಿದು, ಕರಗಿಸುವ ಕಾರ್ಯವು ಕಟ್ಟುವ ಕಾರ್ಯವನ್ನು ಮೀರುತ್ತದೆ. ಒಳಗಿನ ಜಾಲರಿಯಂತಹ ಮೂಳೆ ತೆಳುವಾಗುತ್ತದೆ. ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅದನ್ನು ಆಸ್ಟಿಯೊಪೊರೋಸಿಸ್ ಎನ್ನುತ್ತಾರೆ.

ಇಂಪ್ಲಾಂಟ್ ಎಂಬುದು ಟೈಟಾನಿಯಂ ಲೋಹದ ಪುಟ್ಟ ತಿರುಪು. ಮೂಳೆಯು ಈ ಲೋಹವನ್ನು ತನ್ನದೆಂಬಂತೆ ಅಪ್ಪಿಕೊಳ್ಳುವುದನ್ನು 1950ರ ದಶಕದಲ್ಲಿ ಸ್ವೀಡನ್ನಿನ ಬ್ರೋನೆಮಾರ್ಕ್ ಅವರು ಮೊಲಗಳ ಮೇಲಿನ ಪ್ರಯೋಗದಲ್ಲಿ ಕಂಡರು. 1965ರಲ್ಲಿ ಮೊದಲ ಬಾರಿಗೆ ಮನುಷ್ಯನ ದವಡೆಯಲ್ಲಿ ಅದನ್ನು ನೆಟ್ಟರು. ತಿರುಪು ಕುಳಿತೊಡನೆ ಅದನ್ನು ಹಿಡಿದಿರುವುದು ಬಿಗಿತ ಮಾತ್ರ. ಸುತ್ತಲಿನ ರಕ್ತ ಹೆಪ್ಪುಗಟ್ಟಿ, ಅಲ್ಲಿ ಮೊದಲು ಎಳೆಯ ಮೂಳೆ ಹುಟ್ಟಿ, ಕ್ರಮೇಣ ಅದು ಗಟ್ಟಿಯಾಗುತ್ತದೆ. ನಡುವೆ ಕೆಲವು ವಾರ, ಹಳೆಯ ಬಿಗಿತ ಸಡಿಲಗೊಂಡು ಹೊಸ ಮೂಳೆ ಇನ್ನೂ ಬಲಿಯದ ಸೂಕ್ಷ್ಮ ಕಾಲವೊಂದಿದೆ. ಸವೆದ ಎಲುಬಿನಲ್ಲಿ ಮೊದಲ ಹಿಡಿತವೂ ಕಡಿಮೆ, ಮಾಯುವಿಕೆಯೂ ನಿಧಾನವಾಗಬಹುದು. ಮೃದುವಾದ ಮೇಲ್ದವಡೆಯ ಹಿಂಭಾಗದಲ್ಲಿ ಇದು ಇನ್ನೂ ಹೆಚ್ಚು. ಆದ್ದರಿಂದಲೇ ಅನುಭವಿ ವೈದ್ಯರು ರಂಧ್ರವನ್ನು ತುಸು ಕಿರಿದಾಗಿ ಕೊರೆಯುತ್ತಾರೆ, ಮೇಲೆ ಹಲ್ಲು ಕೂಡಿಸಲು ಅವಸರಿಸುವುದಿಲ್ಲ. ಹೀಗೆ ಕಾದರೆ, ಆಸ್ಟಿಯೊಪೊರೋಸಿಸ್ ಇದ್ದವರಲ್ಲೂ ಇಂಪ್ಲಾಂಟುಗಳು ಉಳಿಯುವ ಪ್ರಮಾಣ ಇತರರಿಗಿಂತ ಬಹಳ ಕಡಿಮೆಯೇನಿಲ್ಲವೆಂದು ಅಧ್ಯಯನಗಳು ತೋರಿಸಿವೆ. ಗುಟ್ಕಾ, ಬೀಡಿ ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ನಮ್ಮ ಭಾಗದಲ್ಲಿ ಇಂಪ್ಲಾಂಟಿಗೆ ದೊಡ್ಡ ಶತ್ರುಗಳೆಂಬುದು ನಮ್ಮ ಅಭಿಪ್ರಾಯ.

ಇನ್ನು ಆ ಇಂಜೆಕ್ಷನ್ನಿನ ವಿಷಯ. ವಾರಕ್ಕೊಂದು ನುಂಗುವ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ನರದ ಮೂಲಕ ಏರಿಸುವ ಝೋಲೆಡ್ರೋನಿಕ್ ಆಸಿಡ್, ಆರು ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಡೆನೋಸುಮ್ಯಾಬ್, ಇವೆಲ್ಲ ಮೂಳೆ ಕರಗಿಸುವ ಕೋಶಗಳನ್ನು ತಡೆಯುತ್ತವೆ. ಸೊಂಟ, ಬೆನ್ನೆಲುಬು ಮುರಿಯದಂತೆ ಕಾಯುತ್ತವೆ. ಆದರೆ ಗಾಯ ಮಾಯಲು ಹಳೆಯದು ಕರಗುವುದೂ ಅಗತ್ಯ. ಈ ಔಷಧಿ ಪಡೆದವರಲ್ಲಿ, ಹಲ್ಲು ಕಿತ್ತ ನಂತರ ದವಡೆಯ ಮೂಳೆ ಮುಚ್ಚಿಕೊಳ್ಳದೆ ತೆರೆದೇ ಉಳಿದು ಕೊಳೆಯುವ ಪ್ರಸಂಗಗಳಿವೆ. 2003ರಲ್ಲಿ ಅಮೆರಿಕದ ಮಾರ್ಕ್ಸ್ ಎಂಬ ವೈದ್ಯರು ಇದನ್ನು ಮೊದಲಾಗಿ ಗಮನಕ್ಕೆ ತಂದರು. ಕ್ಯಾನ್ಸರಿಗಾಗಿ ಹೆಚ್ಚಿನ ಪ್ರಮಾಣದಲ್ಲಿ ಪಡೆಯುವವರಿಗೆ ಈ ಅಪಾಯ ಅಧಿಕ. ಎಲುಬಿನ ಸವೆತಕ್ಕಾಗಿ ಪಡೆಯುವವರಲ್ಲಿ ಅತಿ ವಿರಳ.

ವಿಷಯ ತಿಳಿದ ಆ ತಾಯಿ, “ಹಂಗಾರ ಸೂಜಿನ ಬಿಟ್ಟಬಿಡ್ತೀನ್ರಿ” ಎಂದುಬಿಟ್ಟರು. ನಮಗೆ ಗಾಬರಿಯಾಯಿತು. ಹಲ್ಲಿಗಾಗಿ ಸೊಂಟವನ್ನು ಪಣಕ್ಕಿಡುವುದುಂಟೆ? ಅದರಲ್ಲೂ ಡೆನೋಸುಮ್ಯಾಬ್ ಅನ್ನು ತಾವಾಗಿಯೇ ನಿಲ್ಲಿಸಿದವರಲ್ಲಿ, ಕೆಲವೇ ತಿಂಗಳಲ್ಲಿ ಬೆನ್ನೆಲುಬಿನ ಹಲವು ಮಣಿಗಳು ಒಟ್ಟಿಗೆ ಕುಸಿದದ್ದುಂಟು. ಔಷಧಿಯನ್ನು ಯಾವಾಗ ಕೊಡಬೇಕು, ಶಸ್ತ್ರಕ್ರಿಯೆ ಯಾವಾಗ ಎಂಬುದನ್ನು ಎಲುಬಿನ ವೈದ್ಯರೂ ಹಲ್ಲಿನ ವೈದ್ಯರೂ ಮಾತನಾಡಿಕೊಂಡು ನಿರ್ಧರಿಸಲಿ. ಇಂತಹ ಔಷಧಿಯನ್ನು ಇನ್ನಷ್ಟೇ ಆರಂಭಿಸಬೇಕಾದವರು, ಕೀಳಬೇಕಾದ ಹಲ್ಲುಗಳಿದ್ದರೆ ಮೊದಲೇ ಕೀಳಿಸಿ, ಗಾಯ ಮಾಯಿಸಿಕೊಳ್ಳುವುದು ಲೇಸು. ಕಮರಿಪೇಟೆಯವರಿಗೆ ಇದಕ್ಕಾಗಿ ಬೆಂಗಳೂರಿನ ಪ್ರಯಾಣ ಬೇಕಿಲ್ಲ. ಧಾರವಾಡದ ಸತ್ತೂರಿನಲ್ಲಿ 1986ರಲ್ಲಿ ಆರಂಭವಾದ ಎಸ್.ಡಿ.ಎಂ. ದಂತ ಮಹಾವಿದ್ಯಾಲಯವಿದೆ, ಅದೇ ಆವರಣದಲ್ಲಿ ವೈದ್ಯಕೀಯ ಆಸ್ಪತ್ರೆಯೂ ಇದೆ. ಚಿಗರಿ ಬಸ್ಸು ಅದೇ ದಾರಿಯಲ್ಲಿ ಸಾಗುತ್ತದೆ.

ಆಹಾರದ ಬಗೆಗೆ ಒಂದೇ ಮಾತು. ನಮ್ಮ ನಿತ್ಯದ ಜೋಳದಲ್ಲಿ ಸುಣ್ಣದ ಅಂಶ ಅಲ್ಪ. ರಾಗಿಯಲ್ಲಿ ಅದರ ಹತ್ತು ಪಟ್ಟಿಗೂ ಮಿಗಿಲು. ಸಂಕ್ರಾಂತಿಗೆ ಮಾತ್ರ ನೆನಪಾಗುವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯನ್ನು ವರ್ಷವಿಡೀ ಮಾಡಬಾರದೆಂದೇನೂ ಇಲ್ಲ.

ಆ ತಾಯಿ ಈಗ ಔಷಧಿ ಚೀಟಿಗಳನ್ನೆಲ್ಲ ಕೈಚೀಲದಲ್ಲಿ ಹಾಕಿಕೊಂಡು ಹೋಗಿ ದಂತವೈದ್ಯರಿಗೆ ತೋರಿಸಿ ಬಂದಿದ್ದಾರೆ. ಇಬ್ಬರು ವೈದ್ಯರೂ ಮಾತನಾಡಿಕೊಂಡಿದ್ದಾರೆ; ತಿರುಪು ನೆಟ್ಟ ಮೇಲೆ ಆರು ತಿಂಗಳು ಕಾಯಬೇಕಂತೆ. ಅಲ್ಲಿಯವರೆಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಯೇ ಉಣ್ಣುವೆನೆಂದು ಅವರು ನಗುತ್ತಾ ಹೇಳಿದರು.