ಮಠದಲ್ಲಿ ಸಂಸಾರವೇ?

ಪ್ರಶ್ನೆ: ಇಂಡಿ, ಸಿಂದಗಿ ಕಡೆಯ ಮಠಗಳಲ್ಲಿ ಹೆಂಡತಿ, ಮಕ್ಕಳೂ ಇರುತ್ತಾರಲ್ಲ, ಹೇಗೆ? ಆ ಮನೆ ಯಾರದು?

ಉತ್ತರ: ವಿರಕ್ತಮಠದ ಸ್ವಾಮಿಗಳಿಗೆ ಸಂಸಾರವಿಲ್ಲ. ನೀವು ಕಂಡಿದ್ದು ಊರ ಅಯ್ಯನವರ, ಅಂದರೆ ಜಂಗಮರ ಮಠ. ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಹಳ್ಳಿಗಳಲ್ಲೂ ಹಿರೇಮಠ, ಮಠಪತಿ ಮನೆತನಗಳಿವೆ. ಕೂಸಿಗೆ ಲಿಂಗ ಕಟ್ಟುವುದರಿಂದ ಹಿಡಿದು ಮದುವೆ, ಮಣ್ಣಿನವರೆಗೆ ಊರಿನ ಲಿಂಗಾಯತರಿಗೆ ಅವರೇ ಬೇಕು. ಅದಕ್ಕೆಂದೇ ಸುಗ್ಗಿಯಲ್ಲಿ ರೈತರು ಕಾಳು ಕೊಡುತ್ತಿದ್ದರು. ಕೆಲವೆಡೆ ಇನಾಮು ಹೊಲವೂ ಇತ್ತು. ಇನ್ನು ಮನೆ ಯಾರದೆಂದರೆ, ಚರ್ಚಿನ ಪಾದ್ರಿ ವರ್ಗವಾದರೆ ಮನೆ ಬಿಡಬೇಕು, ಇಲ್ಲಿ ಹಾಗಲ್ಲ. ಪುತ್ರವರ್ಗದ ಮಠವಾದರೆ ಅಧಿಕಾರ ವಂಶದೊಳಗೇ ಉಳಿಯುತ್ತದೆ, ಶಿಷ್ಯವರ್ಗದಲ್ಲಿ ಶಿಷ್ಯನಿಗೆ ಹೋಗುತ್ತದೆ. ಒಳಗೆ ಹಿರಿಯರ ಗದ್ದುಗೆ, ಪಕ್ಕದಲ್ಲೇ ಅಡುಗೆಮನೆ. ಹಾಗಾಗಿ ಅದು ಮನೆತನದ ಸ್ವತ್ತೋ ಭಕ್ತರದೋ ಎಂಬ ಜಗಳ ಕೋರ್ಟು ಹತ್ತಿದರೆ ನನಗಂತೂ ಆಶ್ಚರ್ಯವಿಲ್ಲ.