ಬೆಲ್ಟ್ ತುಂಡಾದರೆ ಬೆಲ್ಟನ್ನೇ ದೂರಬೇಡಿ: ಗೇರ್‌ರಹಿತ ಸ್ಕೂಟರಿನ ಒಳಗುಟ್ಟು

ದೇವಾಪುರ (ಸುರಪುರ ತಾಲ್ಲೂಕು): ಗೇರ್‌ರಹಿತ ಸ್ಕೂಟರ್ ಕೇವಲ ನಗರದ ವಾಹನವಾಗಿ ಉಳಿದಿಲ್ಲ. ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ತಾಲ್ಲೂಕುಗಳ ಊರುಗಳಲ್ಲಿ ಶಾಲೆಗೆ ತೆರಳುವ ಶಿಕ್ಷಕಿಯೂ ಹೊಲಕ್ಕೆ ಗೊಬ್ಬರದ ಚೀಲ ಸಾಗಿಸುವ ರೈತನೂ ಅದನ್ನೇ ಅವಲಂಬಿಸಿದ್ದಾರೆ. ಇಂತಹ ವಾಹನ ಹೆದ್ದಾರಿಯ ನಡುವೆ ಇದ್ದಕ್ಕಿದ್ದಂತೆ ಶಕ್ತಿ ಕಳೆದುಕೊಳ್ಳುತ್ತದೆ. ಎಂಜಿನ್ ಜೋರಾಗಿ ಕೂಗುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ‘ಬೆಲ್ಟ್ ಕಟ್ ಆಗಿದೆ’ ಎಂದು ಮೆಕ್ಯಾನಿಕ್ ಹೇಳುತ್ತಾರೆ. ಹೊಸ ಬೆಲ್ಟ್ ಹಾಕಿಸಿಕೊಂಡು ಹೊರಟ ಸವಾರ ಕೆಲವೇ ತಿಂಗಳಲ್ಲಿ ಅದೇ ತೊಂದರೆಯೊಂದಿಗೆ ಮರಳಿದರೆ ಆಶ್ಚರ್ಯಪಡಬೇಕಾಗಿಲ್ಲ.

ಏಕೆಂದರೆ ಅವಧಿಗೆ ಮುನ್ನವೇ ಬೆಲ್ಟ್ ತುಂಡಾಗುವುದು ಸಾಮಾನ್ಯವಾಗಿ ರೋಗವಲ್ಲ, ರೋಗದ ಲಕ್ಷಣ. ಕಾರಣ ಹೆಚ್ಚಾಗಿ ಬೆಲ್ಟಿನ ಹೊರಗಿರುತ್ತದೆ. ಅದನ್ನು ಸರಿಪಡಿಸದೆ ಬೆಲ್ಟನ್ನಷ್ಟೇ ಬದಲಿಸಿದರೆ ಹಣ ವ್ಯರ್ಥವಾಗುವುದಲ್ಲದೆ, ಲಾರಿಗಳು ಓಡಾಡುವ ರಸ್ತೆಯಲ್ಲಿ ಮತ್ತೊಮ್ಮೆ ನಡುದಾರಿಯಲ್ಲಿ ನಿಲ್ಲುವ ಅಪಾಯವೂ ಉಳಿದುಕೊಳ್ಳುತ್ತದೆ.

ಎರಡು ಪುಲ್ಲಿ, ಒಂದು ಬೆಲ್ಟ್

ಗೇರ್‌ರಹಿತ ಸ್ಕೂಟರಿನ ಎಡಬದಿಯ ಉದ್ದನೆಯ ಮುಚ್ಚಳದ ಒಳಗೆ ಎರಡು ಪುಲ್ಲಿಗಳಿವೆ. ಮುಂದಿನದು ಎಂಜಿನ್ನಿಗೆ, ಹಿಂದಿನದು ಕ್ಲಚ್ಚಿನ ಮೂಲಕ ಚಕ್ರಕ್ಕೆ ಸೇರಿದೆ. ಎರಡನ್ನೂ ‘ವಿ’ ಆಕಾರದ ರಬ್ಬರ್ ಬೆಲ್ಟ್ ಜೋಡಿಸುತ್ತದೆ. ಪ್ರತಿ ಪುಲ್ಲಿಯೂ ಎದುರುಬದುರಾಗಿ ಇಟ್ಟ ಎರಡು ತಟ್ಟೆಗಳಂತಿದ್ದು, ಒಂದು ತಟ್ಟೆ ಸ್ಥಿರ, ಇನ್ನೊಂದು ಚಲಿಸುವಂಥದ್ದು. ತಟ್ಟೆಗಳು ಸಮೀಪಿಸಿದರೆ ಬೆಲ್ಟ್ ಅಂಚಿನ ಕಡೆಗೆ ಏರುತ್ತದೆ. ದೂರ ಸರಿದರೆ ನಡುವಿಗೆ ಇಳಿಯುತ್ತದೆ. ಸೈಕಲ್ಲಿನಲ್ಲಿ ದೊಡ್ಡ ಹಲ್ಲುಚಕ್ರದಿಂದ ಚಿಕ್ಕದಕ್ಕೆ ಸರಪಳಿ ಬದಲಿಸಿದಾಗ ಆಗುವ ಕೆಲಸವೇ ಇಲ್ಲಿ ಮೆಟ್ಟಿಲುಗಳಿಲ್ಲದೆ ನಡೆಯುತ್ತದೆ. ಇದಕ್ಕೆ ಸಿವಿಟಿ ಎಂದು ಹೆಸರು.

ಮುಂದಿನ ಪುಲ್ಲಿಯ ತಟ್ಟೆಯನ್ನು ಒತ್ತುವುದು ಅದರೊಳಗಿನ ಪುಟ್ಟ ರೋಲರ್‌ಗಳು. ಎಂಜಿನ್ ವೇಗವಾಗಿ ತಿರುಗಿದಂತೆ ಅವು ಹೊರಕ್ಕೆ ಚಿಮ್ಮಿ, ಇಳಿಜಾರಿನ ಹಾದಿಯಲ್ಲಿ ಉರುಳಿ, ತಟ್ಟೆಯನ್ನು ಬೆಲ್ಟಿನ ಕಡೆಗೆ ತಳ್ಳುತ್ತವೆ. ತಿರುಗುವ ವೇಗ ಎರಡು ಪಟ್ಟಾದರೆ ಹೊರಕ್ಕೆ ಚಿಮ್ಮುವ ಈ ಬಲ ನಾಲ್ಕು ಪಟ್ಟಾಗುತ್ತದೆ. ಹಿಂದಿನ ಪುಲ್ಲಿಯಲ್ಲಿ ದೊಡ್ಡ ಸ್ಪ್ರಿಂಗ್ ಹಾಗೂ ಓರೆಯಾಗಿ ಕೊರೆದ ಗಾಡಿಗಳಿವೆ. ಏರಿನಲ್ಲಿ ಭಾರ ಬಿದ್ದಾಗ ಇವೆರಡೂ ಸೇರಿ ಬೆಲ್ಟನ್ನು ಬಿಗಿಯಾಗಿ ಹಿಡಿಯುತ್ತವೆ. ಅದರ ಪಕ್ಕದಲ್ಲೇ ಇರುವ ಕ್ಲಚ್ಚಿನ ಶೂಗಳು ನಿರ್ದಿಷ್ಟ ವೇಗದ ನಂತರ ಹರಡಿ, ಗಂಟೆಯಾಕಾರದ ಲೋಹದ ಬಟ್ಟಲನ್ನು ಹಿಡಿದು ಚಕ್ರವನ್ನು ತಿರುಗಿಸುತ್ತವೆ.

ಮುಂದಿನ ರೋಲರ್‌ಗಳ ತೂಕ, ಹಿಂದಿನ ಸ್ಪ್ರಿಂಗಿನ ಬಿಗಿ ಮತ್ತು ಬೆಲ್ಟಿನ ಅಗಲ ಪರಸ್ಪರ ಹೊಂದಿಕೊಂಡಿರಬೇಕು. ಒಂದು ತಪ್ಪಿದರೂ ಅದರ ದಂಡ ತೆರುವುದು ಬೆಲ್ಟೇ.

ಹಾಲೆಂಡಿನಿಂದ ನರಸಾಪುರದವರೆಗೆ

ರಬ್ಬರ್ ಬೆಲ್ಟಿನ ಸಿವಿಟಿಯನ್ನು ಕಾರಿನಲ್ಲಿ ಜನಪ್ರಿಯಗೊಳಿಸಿದವರು ಹಾಲೆಂಡಿನ ಹಬ್ ವಾನ್ ಡೋರ್ನೆ. ಅವರ ಡಾಫ್ ಸಂಸ್ಥೆಯ ಡಾಫ್ 600 ಕಾರು 1958ರಲ್ಲಿ ಪ್ರದರ್ಶನಗೊಂಡಿತು. ಭಾರತದ ರಸ್ತೆಗಳಿಗೆ ಈ ತಂತ್ರಜ್ಞಾನ ಬಂದದ್ದು 1980ರ ದಶಕದಲ್ಲಿ, ಕೈನೆಟಿಕ್ ಹೋಂಡಾ ಸ್ಕೂಟರಿನ ಮೂಲಕ. 2001ರಲ್ಲಿ ಹೋಂಡಾ ಆಕ್ಟಿವಾ ಬಂದ ನಂತರ ಗೇರ್‌ರಹಿತ ಸ್ಕೂಟರ್ ಮನೆಮಾತಾಯಿತು. 2013ರಲ್ಲಿ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಆರಂಭವಾಯಿತು.

ಹಿಮದ ಮೇಲೆ ಓಡುವ ಸ್ನೋಮೊಬೈಲ್‌ಗಳೂ ಇದೇ ತತ್ತ್ವದ ಮೇಲೆ ಚಲಿಸುತ್ತವೆ. ಕಾಶ್ಮೀರದ ಗುಲ್ಮಾರ್ಗಕ್ಕೆ ಚಳಿಗಾಲದಲ್ಲಿ ಪ್ರವಾಸ ಹೋದವರು ಈ ವಾಹನವನ್ನು ನೋಡಿರಬಹುದು. ದೇವಾಪುರದ ಬಿಸಿಲಿಗೂ ಗುಲ್ಮಾರ್ಗದ ಹಿಮಕ್ಕೂ ಏನು ಸಂಬಂಧ ಎಂದು ಕೇಳಬಹುದು. ಬೆಲ್ಟ್ ಏಕೆ ಸಾಯುತ್ತದೆ ಎಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವುದು ಈ ಹಿಮವಾಹನಗಳೇ.

ಟರ್ಬೊ ಕಲಿಸಿದ ಪಾಠ

ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. 3,000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸುಮಾರು ಮುಕ್ಕಾಲು ಪಾಲು ಮಾತ್ರ. ಎಂಜಿನ್ನಿನ ಶಕ್ತಿಯೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಆದ್ದರಿಂದ ಪರ್ವತಗಳಲ್ಲಿ ಓಡಿಸುವ ಸಾಮಾನ್ಯ ಸ್ನೋಮೊಬೈಲಿನ ಮುಂದಿನ ಪುಲ್ಲಿಗೆ ಹಗುರವಾದ ತೂಕಗಳನ್ನು ಅಳವಡಿಸುವುದು ವಾಡಿಕೆ.

ಟರ್ಬೊಚಾರ್ಜರ್ ಗಾಳಿಯನ್ನು ಒತ್ತಿ ತುಂಬಿ ಕಳೆದುಹೋದ ಶಕ್ತಿಯನ್ನು ಹಿಂದಿರುಗಿಸುತ್ತದೆ. ಬಾಂಬಾರ್ಡಿಯರ್ ರಿಕ್ರಿಯೇಷನಲ್ ಪ್ರಾಡಕ್ಟ್ಸ್ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಸ್ಕೀ-ಡೂ ಸಮ್ಮಿಟ್ 850 ಇ-ಟೆಕ್ ಟರ್ಬೊ ಮಾದರಿಯು 165 ಅಶ್ವಶಕ್ತಿಯನ್ನು 8,000 ಅಡಿ ಎತ್ತರದವರೆಗೂ ಉಳಿಸಿಕೊಳ್ಳುವಂತೆ ರೂಪಿಸಲ್ಪಟ್ಟಿತ್ತು.

ತೊಡಕು ಆರಂಭವಾಗುವುದು ಇಲ್ಲೇ. ಶಕ್ತಿ ಹೆಚ್ಚಿತು, ಆದರೆ ಬೆಲ್ಟನ್ನು ಹಿಡಿಯುವ ಬಲ ಹಳೆಯಷ್ಟೇ ಉಳಿಯಿತು ಎಂದುಕೊಳ್ಳಿ. ಆಗ ಪುಲ್ಲಿಯ ತಟ್ಟೆಗಳ ನಡುವೆ ಬೆಲ್ಟ್ ಜಾರುತ್ತದೆ. ಜಾರಿದಾಗ ಉಜ್ಜಾಟ, ಉಜ್ಜಾಟದಿಂದ ಶಾಖ, ಶಾಖದಿಂದ ರಬ್ಬರ್ ಗಟ್ಟಿಯಾಗಿ ನುಣುಪಾಗುವುದು, ನುಣುಪಾದ ಬೆಲ್ಟ್ ಮತ್ತಷ್ಟು ಜಾರುವುದು. ಈ ವಿಷಚಕ್ರದ ಕೊನೆಯಲ್ಲಿ ಬೆಲ್ಟ್ ಚೂರುಚೂರಾಗುತ್ತದೆ. ಹೀಗಾಗಿ ಸಾಮಾನ್ಯ ಎಂಜಿನ್ನಿಗೆ ಟರ್ಬೊ ಜೋಡಿಸುವವರು ಮುಂದಿನ ತೂಕ, ಹಿಂದಿನ ಸ್ಪ್ರಿಂಗ್, ಓರೆಗಾಡಿಯ ಕೋನ, ಎರಡು ಪುಲ್ಲಿಗಳ ನೇರ ಮತ್ತು ಅವುಗಳ ನಡುವಿನ ಅಂತರ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ. ಬೆಲ್ಟಿನ ಉಷ್ಣತೆ ತೋರಿಸುವ ಮಾಪಕ ಅಳವಡಿಸಿಕೊಳ್ಳುವ ಸವಾರರೂ ಇದ್ದಾರೆ.

ಶಾಖದ ಲೆಕ್ಕ

ಸಾಮಾನ್ಯ 110 ಸಿಸಿ ಸ್ಕೂಟರಿನ ಗರಿಷ್ಠ ಶಕ್ತಿ ಎಂಟು ಅಶ್ವಶಕ್ತಿಯ ಆಸುಪಾಸು, ಅಂದರೆ ಸುಮಾರು 6,000 ವ್ಯಾಟ್. ಪೂರ್ತಿ ಥ್ರಾಟಲ್‌ನಲ್ಲಿ ಅದರ ಹತ್ತರಲ್ಲಿ ಒಂದು ಪಾಲು ಬೆಲ್ಟ್ ಹಾಗೂ ಪುಲ್ಲಿಗಳಲ್ಲಿ ಶಾಖವಾಗುತ್ತದೆ ಎಂದು ಹಿಡಿದರೂ 600 ವ್ಯಾಟ್ ಆಯಿತು. ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ಇಸ್ತ್ರಿಪೆಟ್ಟಿಗೆ ಉರಿಯುತ್ತಿರುವಂತೆ. 165 ಅಶ್ವಶಕ್ತಿಯ ಹಿಮವಾಹನದಲ್ಲಿ ಇದೇ ಲೆಕ್ಕ 12,000 ವ್ಯಾಟ್ ದಾಟುತ್ತದೆ.

ಆದರೆ ಅಲ್ಲಿ ತಣಿಸಲು ಸೊನ್ನೆ ಡಿಗ್ರಿಗಿಂತ ಕೆಳಗಿನ ಗಾಳಿ ಇದೆ. ಯಾದಗಿರಿ ಜಿಲ್ಲೆಯ ಬೇಸಿಗೆಯಲ್ಲಿ ತಣಿಸಬೇಕಾದ ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಮುಂದಿನ ಪುಲ್ಲಿಯ ತಟ್ಟೆಯಲ್ಲಿರುವ ಫ್ಯಾನಿನ ಎಲೆಗಳು ಈ ಕಾದ ಗಾಳಿಯನ್ನೇ ಒಳಗೆ ಎಳೆಯಬೇಕು. ಅದರ ಜೊತೆಗೆ ಕಪ್ಪುಮಣ್ಣಿನ ನುಣ್ಣನೆಯ ಧೂಳೂ ಒಳಸೇರುತ್ತದೆ. ಗಾಳಿ ಬರುವ ದಾರಿ ಅಥವಾ ಕೆಲವು ಮಾದರಿಗಳಲ್ಲಿರುವ ಸ್ಪಂಜಿನ ಸೋಸಕ ಮುಚ್ಚಿಹೋದರೆ ಒಳಗಿನ ಬಿಸಿ ಹೊರಹೋಗುವುದಿಲ್ಲ.

ಇದರ ಮೇಲೆ ಭಾರ. ಇಬ್ಬರಿಗಾಗಿ ಮಾಡಿದ ವಾಹನದಲ್ಲಿ ಮೂವರು, ಕಾಲಿಡುವ ಜಾಗದಲ್ಲಿ 50 ಕೆ.ಜಿ.ಯ ಚೀಲ, ಎದುರಿಗೆ ಬೆಟ್ಟಗಳ ಮಡಿಲಲ್ಲಿರುವ ಸುರಪುರದ ಏರುರಸ್ತೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಹರಿಯುವ ಭತ್ತದ ಗದ್ದೆಗಳ ಕೆಸರುದಾರಿಯಲ್ಲಿ ಸಮಸ್ಯೆ ಬೇರೆ ರೂಪ ತಾಳುತ್ತದೆ. ಮುಚ್ಚಳದೊಳಗೆ ನೀರು ನುಗ್ಗಿದರೆ ಒದ್ದೆಯಾದ ಬೆಲ್ಟ್ ಜಾರುತ್ತದೆ. ಚಕ್ರ ಕೆಸರಿನಲ್ಲಿ ಹೂತಾಗ ಥ್ರಾಟಲ್ ತಿರುವುತ್ತಲೇ ಇದ್ದರೆ ಮೊದಲು ಜಾರುವುದು ಕ್ಲಚ್ಚಿನ ಶೂಗಳು. ಅವುಗಳ ಬಿಸಿಗೆ ಲೋಹದ ಬಟ್ಟಲು ನೀಲಿಗಟ್ಟುತ್ತದೆ. ಪಕ್ಕದಲ್ಲೇ ಇರುವ ಬೆಲ್ಟ್ ಬೇಯುತ್ತದೆ. ಹಿಮವಾಹನದಲ್ಲಿ ಶೂಗಳ ಪ್ರತ್ಯೇಕ ಕ್ಲಚ್ ಇಲ್ಲದಿರುವುದರಿಂದ, ಹಿಮದಲ್ಲಿ ಸಿಲುಕಿದಾಗ ಬೆಲ್ಟೇ ಒಂದೆಡೆ ಸುಟ್ಟು ಕಿರಿದಾಗುತ್ತದೆ. ಕೆಸರಾಗಲಿ ಹಿಮವಾಗಲಿ, ಪಾಠ ಒಂದೇ: ಹೂತ ವಾಹನವನ್ನು ಥ್ರಾಟಲ್‌ನಿಂದಲ್ಲ, ಕೈಯಿಂದ ತಳ್ಳಿ ಹೊರತೆಗೆಯಬೇಕು.

ಹಳೆಯ ಬೆಲ್ಟ್ ಹೇಳುವ ಕಥೆ

ತುಂಡಾದ ಬೆಲ್ಟನ್ನು ಎಸೆಯುವ ಮೊದಲು ನೋಡಬೇಕು. ಕಾರಣ ಅದರ ಮೇಲೆಯೇ ಬರೆದಿರುತ್ತದೆ.

* ಎರಡೂ ಬದಿ ಗಾಜಿನಂತೆ ಹೊಳೆಯುತ್ತಿದ್ದರೆ ಬೆಲ್ಟ್ ಜಾರಿದೆ. ಸವೆದ ರೋಲರ್, ಸೋತ ಸ್ಪ್ರಿಂಗ್ ಅಥವಾ ಅತಿಭಾರ ಕಾರಣವಿರಬಹುದು.
* ಒಳಬದಿಯ ಹಲ್ಲುಗಳ ಬುಡದಲ್ಲಿ ಬಿರುಕುಗಳಿದ್ದರೆ ವಯಸ್ಸು ಮತ್ತು ಶಾಖ.
* ಒಂದೇ ಅಂಚಿನ ನೂಲು ಕಿತ್ತುಬಂದಿದ್ದರೆ ಪುಲ್ಲಿಗಳು ಒಂದೇ ನೇರದಲ್ಲಿಲ್ಲ, ಬೇರಿಂಗ್ ಸಡಿಲವಾಗಿದೆ ಅಥವಾ ಬೆಲ್ಟ್ ಆ ಮಾದರಿಯದ್ದಲ್ಲ.
* ಮೇಲ್ಮೈ ಜಿಡ್ಡಾಗಿದ್ದರೆ ಎಂಜಿನ್ನಿನ ಆಯಿಲ್ ಸೀಲ್ ಸೋರುತ್ತಿದೆ ಅಥವಾ ಹಿಂದಿನ ಪುಲ್ಲಿಗೆ ಗ್ರೀಸ್ ಅತಿಯಾಗಿದೆ.

ರೋಲರ್‌ಗಳನ್ನೂ ಕೈಯಲ್ಲಿ ಹಿಡಿದು ಪರೀಕ್ಷಿಸಬೇಕು. ಅವು ದುಂಡಗಿರಬೇಕು. ಒಂದು ಬದಿ ಚಪ್ಪಟೆಯಾಗಿದ್ದರೆ ಉರುಳದೆ ಉಜ್ಜುತ್ತವೆ. ತಟ್ಟೆ ಅಂಕುಡೊಂಕಾಗಿ ಚಲಿಸಿ ಹೊಸ ಬೆಲ್ಟನ್ನೂ ಕೆಲವೇ ತಿಂಗಳಲ್ಲಿ ಕೆಡಿಸುತ್ತದೆ. ಮೈಲೇಜ್ ಆಸೆಗೆ ಭಾರವಾದ, ವೇಗದ ಆಸೆಗೆ ಹಗುರವಾದ ರೋಲರ್ ಹಾಕಿಸುವ ಚಾಳಿಯೂ ಇದೆ. ಭಾರ ಹೆಚ್ಚಿದರೆ ಏರಿನಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ತೀರಾ ಹಗುರವಾದರೆ ಎಂಜಿನ್ ಸದಾ ಹೆಚ್ಚು ವೇಗದಲ್ಲಿ ತಿರುಗಿ ಇಂಧನ ಹೆಚ್ಚು ಸುಡುತ್ತದೆ. ತಯಾರಕರು ಸೂಚಿಸಿದ ತೂಕವನ್ನೇ ಉಳಿಸಿಕೊಳ್ಳುವುದು ಲೇಸು.

ಸವಾರರು ಏನು ಮಾಡಬೇಕು?

ಬಹುತೇಕ ಸ್ಕೂಟರ್‌ಗಳಲ್ಲಿ ಬೆಲ್ಟನ್ನು 20ರಿಂದ 25 ಸಾವಿರ ಕಿ.ಮೀ.ಗೆ ಬದಲಿಸುವುದು ರೂಢಿ. ನಿಖರ ಅಂಕಿ ವಾಹನದ ಕೈಪಿಡಿಯಲ್ಲಿರುತ್ತದೆ. ಆದರೆ ಆ ಅಂಕಿ ಸಾಮಾನ್ಯ ಬಳಕೆಗೆ ನೀಡಿದ್ದು. ಧೂಳು, ಬಿಸಿಲು ಮತ್ತು ಭಾರದ ಊರುಗಳಲ್ಲಿ ಅದಕ್ಕೂ ಮುನ್ನವೇ, ಬೇಸಿಗೆ ಆರಂಭದಲ್ಲಿ ಹಾಗೂ ಮಳೆಗಾಲ ಮುಗಿದ ಮೇಲೆ, ಮುಚ್ಚಳ ತೆಗೆಸಿ ನೋಡುವುದು ಉತ್ತಮ. ಬೆಲ್ಟ್ ಬದಲಿಸುವಾಗ ರೋಲರ್, ಕ್ಲಚ್ ಶೂ ಮತ್ತು ಸ್ಪ್ರಿಂಗ್ ಪರೀಕ್ಷಿಸಲು, ಪುಲ್ಲಿಗಳ ಮುಖವನ್ನು ಜಿಡ್ಡಿಲ್ಲದಂತೆ ಒರೆಸಲು ಮೆಕ್ಯಾನಿಕ್‌ಗೆ ಹೇಳಬೇಕು. ಬೆಲ್ಟ್ ಆಯಾ ಮಾದರಿಯ ಅಸಲಿ ಬಿಡಿಭಾಗವೇ ಆಗಿರಲಿ. ಅಗಲದಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸವಾದರೂ ಇಡೀ ಹೊಂದಾಣಿಕೆ ತಪ್ಪುತ್ತದೆ. ಹೊಸ ಬೆಲ್ಟ್ ಹಾಕಿಸಿದ ಮೊದಲ ಕೆಲವು ದಿನ ಪೂರ್ತಿ ಥ್ರಾಟಲ್ ಮತ್ತು ಅತಿಭಾರ ಬೇಡ.

ಸೂಚನೆಗಳೂ ಮೊದಲೇ ಸಿಗುತ್ತವೆ. ಹೊರಡುವಾಗ ನಡುಕ, ಥ್ರಾಟಲ್ ಕೊಟ್ಟರೂ ವೇಗ ಏರದಿರುವುದು, ಎಡಬದಿಯಿಂದ ಕಿರುಚುವ ಸದ್ದು, ಸುಟ್ಟ ರಬ್ಬರ್ ವಾಸನೆ ಕಂಡುಬಂದರೆ ದೂರದ ಪ್ರಯಾಣವನ್ನು ಮುಂದೂಡಬೇಕು. ದಾರಿಯಲ್ಲೇ ಬೆಲ್ಟ್ ತುಂಡಾದರೆ ಬ್ರೇಕ್ ಕೆಲಸ ಮಾಡುತ್ತದೆ, ಗಾಬರಿ ಬೇಡ. ಥ್ರಾಟಲ್ ಬಿಟ್ಟು, ಇಂಡಿಕೇಟರ್ ಹಾಕಿ, ಎಡಕ್ಕೆ ಸರಿದು ರಸ್ತೆಯಿಂದ ಹೊರಗೆ ನಿಲ್ಲಿಸಬೇಕು. ಮತ್ತೆ ಮತ್ತೆ ಥ್ರಾಟಲ್ ಕೊಟ್ಟರೆ ತುಂಡುಗಳು ಪುಲ್ಲಿಗೆ ಸುತ್ತಿಕೊಂಡು ಕೆಲಸ ಹೆಚ್ಚುತ್ತದೆ.

ವಿದ್ಯುತ್ ಸ್ಕೂಟರ್‌ಗಳಲ್ಲಿ ಈ ಸಿವಿಟಿ ಇರುವುದಿಲ್ಲ. ಕೆಲವು ಮಾದರಿಗಳಲ್ಲಿ ಬೆಲ್ಟ್ ಕಂಡರೂ ಅದು ಹಲ್ಲುಗಳಿಂದ ಹಿಡಿಯುವ, ಅನುಪಾತ ಬದಲಾಗದ ಬೆಲ್ಟ್. ಪೆಟ್ರೋಲ್ ಸ್ಕೂಟರ್‌ಗಳು ರಸ್ತೆಯಲ್ಲಿರುವವರೆಗೆ ಮಾತ್ರ ಎಡಬದಿಯ ಆ ಮುಚ್ಚಳದೊಳಗೆ ವರ್ಷಕ್ಕೆರಡು ಬಾರಿ ಇಣುಕಲೇಬೇಕು. ಆ ಪರೀಕ್ಷೆಗೆ ಬೇಕಾದುದು ಅರ್ಧ ತಾಸು. ಬೇಸಿಗೆಯ ಮಧ್ಯಾಹ್ನ ಕೆಟ್ಟ ಸ್ಕೂಟರನ್ನು ಸುರಪುರದವರೆಗೆ ತಳ್ಳಿಕೊಂಡು ಹೋಗುವುದಕ್ಕಿಂತ ಅದು ಎಷ್ಟೋ ಸುಲಭ.