ಹಿತ್ತಲ ಶೇಂಗಾ: ಬೆಳೆದರಷ್ಟೇ ಸಾಲದು

ಬಡವರ ಬಾದಾಮಿಯೆನಿಸಿದ ಶೇಂಗಾದಲ್ಲಿ ಶೇಕಡಾ 25ರಷ್ಟು ಪ್ರೋಟೀನು, ಅದರ ಸುಮಾರು ಇಮ್ಮಡಿ ಎಣ್ಣೆಯಂಶವಿದೆ. ಗುಣದಲ್ಲಿ ಸ್ನಿಗ್ಧ, ಜೀರ್ಣಕ್ಕೆ ಗುರು. ಆದ್ದರಿಂದ ಮಿತವಾಗಿ ಸೇವಿಸತಕ್ಕದ್ದು.

ಬಿಸಿಲು ಬೀಳುವ, ನೀರು ನಿಲ್ಲದ ಸಡಿಲ ಮಣ್ಣು ಹಿತ್ತಲಲ್ಲಿದ್ದರೆ, ಮುಂಗಾರಿನ ಆರಂಭದಲ್ಲಿ ಹುರಿಯದ ಬೀಜವನ್ನು ಎರಡು ಅಂಗುಲ ಆಳದಲ್ಲಿ ಗೇಣಿಗೊಂದರಂತೆ ಊರಬೇಕು. ಹೂವು ಅರಳುವುದು ನೆಲದ ಮೇಲೆ, ಕಾಯಿ ಕಟ್ಟುವುದು ಮಣ್ಣಿನೊಳಗೆ. ಹೂವಿನ ಬುಡದಿಂದ ಸೂಜಿಯಂತಹ ಎಳೆ ಇಳಿದು ಮಣ್ಣು ಹೊಕ್ಕ ಮೇಲೆ ಗಿಡದ ಬುಡವನ್ನು ಕೆದಕಬಾರದು. ಸುಮಾರು ನಾಲ್ಕು ತಿಂಗಳಿಗೆ ಎಲೆ ಹಳದಿಯಾಗಿ, ಸಿಪ್ಪೆಯ ಒಳಮೈ ಕಂದುಗಪ್ಪಾದಾಗ ಕೀಳಬಹುದು.

ವೈದ್ಯನಾಗಿ ನಾನು ಒತ್ತಿ ಹೇಳಬೇಕಾದುದು ಆನಂತರದ ಎಚ್ಚರಿಕೆಯನ್ನು. ಹಸಿ ಕಾಯಿಯನ್ನು ಚೀಲದಲ್ಲಿ ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಕೆಲವು ಬೂಷ್ಟುಗಳಿಂದ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷವು ಯಕೃತ್ತಿಗೆ ಹಾನಿಕರ; ದೀರ್ಘಕಾಲ ದೇಹ ಸೇರಿದರೆ ಯಕೃತ್ತಿನ ಅರ್ಬುದಕ್ಕೂ ಕಾರಣವಾಗಬಲ್ಲದು. ಹುರಿದರೂ ಬೇಯಿಸಿದರೂ ಅದು ಪೂರ್ಣ ನಾಶವಾಗದು. ಆದುದರಿಂದ ಕಾಯಿ ಅಲುಗಿಸಿದಾಗ ಕಾಳು ಗಲಗಲ ಸದ್ದು ಮಾಡುವವರೆಗೆ ಒಣಗಿಸಿ, ಗಾಳಿಯಾಡುವೆಡೆ ಇಡಿರಿ. ಬೂಷ್ಟು ಹಿಡಿದ, ಬಣ್ಣಗೆಟ್ಟ, ಮುರುಟಿದ ಕಾಳನ್ನು ಎಸೆಯಿರಿ. ವ್ಯರ್ಥವಾಗದಿರಲೆಂದು ಹಸುವಿಗೂ ಹಾಕಬೇಡಿರಿ. ಆ ವಿಷ ಹಾಲಿನ ಮೂಲಕ ಮನೆಯ ಮಕ್ಕಳನ್ನೇ ಸೇರೀತು.